ನೋಡಿದವರು: ಕೌಂಟರ್ ಗುಮಾಸ್ತೆ

ಕ್ಲಿನಿಕ್ಕಿನ ಗಾಜಿನ ಬಾಗಿಲಿಗೆ ಒಂದು ನೋಟಿಸು ಅಂಟಿಸಿತ್ತು: ‘ವೈದ್ಯರ ಕೊರತೆಯಿಂದಾಗಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದಿಲ್ಲ.’ ಅದನ್ನು ಟೈಪು ಮಾಡಿ, ಪ್ರಿಂಟು ತೆಗೆದು, ನಾಲ್ಕು ಮೂಲೆಗೂ ಟೇಪು ಹಚ್ಚಿ ಅಂಟಿಸಿದವಳು ಸ್ವತಃ ಡಾಕ್ಟರು. ಹುಟ್ಟಿದ ದೇಶದಲ್ಲಿ ಹತ್ತೊಂಬತ್ತು ವರ್ಷ ಫ್ಯಾಮಿಲಿ ಡಾಕ್ಟರಾಗಿ, ಒಂದೇ ಬೀದಿಯ ಮೂರು ತಲೆಮಾರಿನವರ ನಾಲಿಗೆ ನೋಡಿ, ನಾಡಿ ಹಿಡಿದು ಬಂದವಳು. ಇಲ್ಲಿ ಅವಳು ಕೌಂಟರ್ ಗುಮಾಸ್ತೆ. ಕೊರತೆಯಂತೆ, ಕೊರತೆ! ತುಂಬಿದ ಬಾವಿಗೆ ಬೀಗ ಹಾಕಿ, ಕುಡಿಯೋಕೆ ನೀರಿಲ್ಲ ಅಂತ ಊರೆಲ್ಲ ಸಾರುವವರಿಗೆ ಏನು ಹೇಳುವುದು?

ಅವಳ ಕೆಲಸ ಸುಲಭದ್ದು ಅಂತ ಎಲ್ಲರೂ ತಿಳಿದಿದ್ದರು. ಬಂದವರ ಹೆಸರು ಬರೆದುಕೊಳ್ಳಬೇಕು, ಒಂದು ಹಳದಿ ಚೀಟಿಯ ಮೇಲೆ ಬಂದ ಕಾರಣವನ್ನು ಎರಡು ಪದದಲ್ಲಿ ಬರೆದು ಒಳಗೆ ಕಳಿಸಬೇಕು. ‘ಕೆಮ್ಮು’, ‘ಸೊಂಟ ನೋವು’, ಅಷ್ಟೇ. ಮೊದಲ ವಾರ ಅವಳು ಹಾಗೆಯೇ ಬರೆದಳು. ಎರಡನೆಯ ವಾರ ಒಬ್ಬ ಹೆಂಗಸು ಬಂದು ‘ಸುಸ್ತು’ ಅಂದಳು. ಅವಳ ದನಿ ಒಡೆದಿತ್ತು, ಹುಬ್ಬಿನ ತುದಿ ಉದುರಿತ್ತು, ಆ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡಿದ್ದಳು. ಗುಮಾಸ್ತೆಯ ಕೈ ತಡೆಯಲಿಲ್ಲ. ‘ಸುಸ್ತು. ಥೈರಾಯ್ಡ್ ನೋಡಿ’ ಅಂತ ಬರೆದು ಕಳಿಸಿದಳು. ನಾಲ್ಕು ದಿನದ ಮೇಲೆ, ರಕ್ತಪರೀಕ್ಷೆಯಲ್ಲಿ ಥೈರಾಯ್ಡೇ ಅಂತ ಗೊತ್ತಾಗಿ, ಆ ಹೆಂಗಸು ಹಣ್ಣಿನ ಬುಟ್ಟಿ ಹಿಡಿದು ಬಂದು, ಕೌಂಟರನ್ನು ದಾಟಿ ಸೀದಾ ಒಳಗೆ ಹೋಗಿ, ದೊಡ್ಡ ಡಾಕ್ಟರ ಕೈಗುಣವನ್ನು ಬಾಯ್ತುಂಬ ಹೊಗಳಿದಳು.

ದೊಡ್ಡ ಡಾಕ್ಟರು ಕ್ಲಿನಿಕ್ಕಿನ ಮಾಲೀಕರು. ಜಾಣರು, ಕೆಟ್ಟವರೇನಲ್ಲ, ಆದರೆ ಪುಕ್ಕಲರು. ಅಂದಿನಿಂದ ಅವರು ಚೀಟಿ ಓದದೆ ರೋಗಿಯ ಮುಖ ನೋಡುತ್ತಿರಲಿಲ್ಲ. ಚೀಟಿಗಳು ಉದ್ದವಾದವು. ‘ತಲೆನೋವು ಅಂತಾರೆ, ನಿಜವಾಗಿ ನಿದ್ದೆಯಿಲ್ಲ, ಗಂಡ ತೀರಿಕೊಂಡು ಎರಡು ತಿಂಗಳು.’ ‘ಕಾಲು ಊತ, ಎದೆ ಕೇಳಿ.’ ಸಂಜೆ ಹೊತ್ತಿಗೆ ಚೀಟಿಗಳೆಲ್ಲ ಕಸದ ಬುಟ್ಟಿಗೆ, ರೋಗಿಯ ದಾಖಲೆಯ ಕೊನೆಗೆ ದೊಡ್ಡ ಡಾಕ್ಟರ ಹೆಸರು. ಎರಡು ವರ್ಷ ಎಂಟು ತಿಂಗಳು ಹೀಗೇ ನಡೆಯಿತು. ಕ್ಲಿನಿಕ್ಕಿನ ಹಿರಿಯ ನರ್ಸು ಮಾತ್ರ ಅವಳನ್ನು ‘ಡಾಕ್ಟ್ರಮ್ಮ’ ಅಂತ ಕರೆಯುತ್ತಿದ್ದಳು. ಮೊದಮೊದಲು ತಮಾಷೆಗೆ, ಆಮೇಲೆ ತಮಾಷೆಯಿಲ್ಲದೆ.

ಡಾಕ್ಟ್ರಮ್ಮ ಸುಮ್ಮನೆ ಕೂತಿರಲಿಲ್ಲ. ಲೈಸೆನ್ಸಿಗಾಗಿ ವೈದ್ಯರ ಕೌನ್ಸಿಲ್ ಇಟ್ಟ ಮೂರು ಪರೀಕ್ಷೆಗಳನ್ನೂ ಪಾಸು ಮಾಡಿದ್ದಳು. ಉಳಿದದ್ದು ಒಂದೇ ಒಂದು ಕಾಗದ: ಕಳೆದ ಮೂರು ವರ್ಷದೊಳಗೆ ರೋಗಿಗಳನ್ನು ನೋಡಿದ ಅನುಭವ ಇದೆ ಎಂಬುದಕ್ಕೆ ಪುರಾವೆ. ಅವಳು ಅರ್ಜಿ ಹಾಕಿದಾಗ ಆ ಅನುಭವ ಬಿಸಿಬಿಸಿಯಾಗಿಯೇ ಇತ್ತು. ಕೌನ್ಸಿಲ್ಲಿನವರು ಫೈಲನ್ನು ಮೇಜಿನಿಂದ ಮೇಜಿಗೆ ಸರಿಸುತ್ತ ಮೂರು ವರ್ಷ ಕಳೆದರು. ಕಳೆದ ಮೇಲೆ ಪತ್ರ ಬರೆದರು: ‘ತಮ್ಮ ಅನುಭವ ಹಳೆಯದಾಗಿದೆ. ಹನ್ನೊಂದು ದಿನದೊಳಗೆ ಇತ್ತೀಚಿನ ಅನುಭವದ ಪುರಾವೆ ಒದಗಿಸದಿದ್ದಲ್ಲಿ ಪರೀಕ್ಷೆಗಳ ಫಲಿತಾಂಶ ರದ್ದಾಗುವುದು.’

ಪತ್ರ ಓದಿದ ಗಂಡ ನಕ್ಕುಬಿಟ್ಟ. ತಮ್ಮ ದೇಶದಲ್ಲಿ ಅವನು ಗಣಿತದ ಮೇಷ್ಟ್ರು. ಇಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ.

“ಲೈಸೆನ್ಸ್ ಇಲ್ದೆ ರೋಗಿನ ಮುಟ್ಟಂಗಿಲ್ಲ, ರೋಗಿನ ಮುಟ್ದೆ ಲೈಸೆನ್ಸ್ ಕೊಡಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂದಂಗಾಯ್ತು ನೋಡು.”

“ನಿಮಗೆ ನಗು ಬೇರೆ ಬರ್ತಿದೆಯಲ್ಲ!”

“ಅತ್ತರೆ ಸೀಲು ಹಾಕ್ಕೊಡ್ತಾರಾ? ನಿಮ್ಮ ದೊಡ್ಡ ಡಾಕ್ಟ್ರು ಒಂದು ಪತ್ರ ಬರೆದುಕೊಟ್ರೆ ಮುಗೀತಲ್ಲ. ಹನ್ನೆರಡು ವಾರ ನನ್ನ ಕೆಳಗೆ ಕೆಲಸ ಮಾಡಿದಾಳೆ ಅಂತ.”

ಅದು ಕೌನ್ಸಿಲ್ಲಿನ ನಿಯಮದಲ್ಲೇ ಇತ್ತು. ಲೈಸೆನ್ಸ್ ಇರುವ ಡಾಕ್ಟರೊಬ್ಬರು ತಮ್ಮ ಕಣ್ಣೆದುರು ಹನ್ನೆರಡು ವಾರ ಕೆಲಸ ಮಾಡಿಸಿ ಪತ್ರ ಕೊಟ್ಟರೆ ಸಾಕು. ಎರಡು ವರ್ಷದಿಂದ ಅವಳು ಕೇಳುತ್ತಲೇ ಇದ್ದಳು. ದೊಡ್ಡ ಡಾಕ್ಟರು ‘ನೋಡೋಣ’ ಅನ್ನುತ್ತಲೇ ಇದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಮರುದಿನ ಬೆಳಿಗ್ಗೆ ಅವಳು ಮತ್ತೆ ಅವರ ಕೋಣೆಗೆ ಹೋಗಿ ಕೌನ್ಸಿಲ್ಲಿನ ಪತ್ರವನ್ನು ಮೇಜಿನ ಮೇಲಿಟ್ಟಳು.

“ನೋಡಿ, ನನಗೇನು ಕೊಡಬಾರ್ದು ಅಂತ ಇಲ್ಲ,” ಅಂದರು ದೊಡ್ಡ ಡಾಕ್ಟರು. “ಆದ್ರೆ ನೀವು ಕೌಂಟರ್‌ನಲ್ಲಿ ಇದ್ದೋರು. ನೀವು ರೋಗಿಗಳನ್ನ ನೋಡಿದೀರಿ ಅಂತ ನಾನು ಹೇಗೆ ಬರೀಲಿ? ನಾಳೆ ನನ್ನ ಲೈಸೆನ್ಸಿಗೇ ಕುತ್ತು ಬಂದ್ರೆ?”

“ಚೀಟಿಗಳು ಸಾರ್?”

“ಚೀಟಿ ಚೀಟೀನೇ ಅಮ್ಮ. ಅದು ವೈದ್ಯಕೀಯ ಆಗಲ್ಲ.” ಅಷ್ಟು ಹೇಳಿ ಕನ್ನಡಕ ಏರಿಸಿಕೊಂಡರು. “ಅಂದ ಹಾಗೆ, ಹೊರಗೆ ಕೂತಿರೋ ಆ ಹುಡುಗಿ, ಮೈಮೇಲೆ ದದ್ದು ಎದ್ದಿರೋಳು, ನಿಮಗೇನನ್ಸುತ್ತೆ?”

ಅವಳ ಮೈಯೆಲ್ಲ ಉರಿದುಹೋಯಿತು. ನಾಚಿಕೆ ಅನ್ನುವುದು ಒಂದಿಷ್ಟಾದರೂ ಬೇಡವೇ ಮನುಷ್ಯನಿಗೆ! “ನಂಗೇನೂ ಅನ್ಸಲ್ಲ ಸಾರ್. ನಾನು ಕೌಂಟರ್‌ನೋಳು,” ಅಂದು ಪತ್ರ ಎತ್ತಿಕೊಂಡು ಹೊರಗೆ ಬಂದಳು.

ಆ ಬೆಳಿಗ್ಗೆ ಅವಳು ಹಳದಿ ಚೀಟಿಯ ಮೇಲೆ ಎರಡೇ ಪದ ಬರೆದಳು. ‘ಮೈ ದದ್ದು’, ‘ಹೊಟ್ಟೆ ನೋವು’. ಜನ ಹೇಳಿದ್ದನ್ನು ಹೇಳಿದ ಹಾಗೆ. ಹತ್ತೂವರೆಗೆಲ್ಲ ಕ್ಲಿನಿಕ್ಕು ಕಟ್ಟಿಕೊಂಡಿತು. ಐದು ನಿಮಿಷದಲ್ಲಿ ಮುಗಿಯುತ್ತಿದ್ದ ರೋಗಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಬೆಂಚು ತುಂಬಿ, ಜನ ಗೋಡೆಗೊರಗಿ ನಿಂತರು. ದೊಡ್ಡ ಡಾಕ್ಟರು ಎರಡು ಸಲ ಬಾಗಿಲು ತೆರೆದು ಕೌಂಟರಿನ ಕಡೆ ನೋಡಿದರು. ಅವಳು ಕಂಪ್ಯೂಟರಿನಲ್ಲಿ ಮುಖ ಹುದುಗಿಸಿಕೊಂಡು ಕೂತಳು. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಗುತ್ತಿತ್ತು.

“ಡಾಕ್ಟ್ರಮ್ಮ, ಇವತ್ತು ಮೌನವ್ರತಾನಾ?” ಅಂತ ನರ್ಸು ಪಿಸುಗುಟ್ಟಿದಳು.

“ಚೀಟಿ ಚೀಟೀನೇ ಅಂತೆ ಅಕ್ಕ.”

ಹನ್ನೆರಡೂವರೆಗೆ ದೊಡ್ಡ ಡಾಕ್ಟರು ಕೋಟು ಹಾಕಿಕೊಂಡು ಹೊರಟರು. ನಗರದ ಸಭಾಂಗಣದಲ್ಲಿ ಅವರ ಭಾಷಣವಿತ್ತು. ವಿಷಯ ಏನು ಗೊತ್ತೇ? ‘ಕುಟುಂಬ ವೈದ್ಯರ ಕೊರತೆ ಮತ್ತು ಪರಿಹಾರ’. ಆಹಾ!

ಒಂದು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ತಳ್ಳಿಕೊಂಡು ಅಂಚೆಯಜ್ಜ ಬಂದ. ನಲವತ್ತು ವರ್ಷ ಮನೆಮನೆಗೆ ಟಪಾಲು ಹಂಚಿ ನಿವೃತ್ತನಾದ ಮುದುಕ, ಯಾವಾಗಲೂ ಬೀದಿಯಿಂದಲೇ ಕೂಗಿ ಮಾತಾಡಿಸುವವನು. ಅಂದು ಕೂಗಲಿಲ್ಲ.

“ಗ್ಯಾಸ್ ಆಗಿದೆ ಕಣಮ್ಮ. ಡಾಕ್ಟ್ರು ಇಲ್ವಾ? ಹಾಗಾದ್ರೆ ನಾಳೆ ಬರ್ತೀನಿ ಬಿಡು.”

ಚೀಟಿಯ ಮೇಲೆ ಅವಳು ‘ಗ್ಯಾಸ್’ ಅಂತ ಬರೆದೂ ಆಗಿತ್ತು. ತಲೆಯೆತ್ತಿ ನೋಡಿದಳು. ಅಜ್ಜನ ಮುಖ ಬೂದಿ ಬಣ್ಣ, ತುಟಿಯ ಮೇಲೆ ಬೆವರಿನ ಹನಿ, ಒಂದು ಕೈ ದವಡೆ ಹಿಡಿದಿತ್ತು. ಗ್ಯಾಸ್ ಆದವನು ದವಡೆ ಯಾಕೆ ಹಿಡಿಯುತ್ತಾನೆ? ಪೆನ್ನು ಎಲ್ಲಿ ಬಿತ್ತೋ ಗೊತ್ತಿಲ್ಲ. ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು ಅಜ್ಜನ ಮಣಿಕಟ್ಟು ಹಿಡಿದಳು. ನಾಡಿ ನಲವತ್ತನಾಲ್ಕು.

“ಅಕ್ಕ, ಆಂಬುಲೆನ್ಸ್‌ಗೆ ಫೋನ್ ಮಾಡಿ. ಆಮೇಲೆ ಇಸಿಜಿ. ಅಜ್ಜ, ಇಲ್ಲೇ ಮಲಗಿ. ಆಸ್ಪಿರಿನ್ ಆಗ್ಬರುತ್ತಲ್ವಾ? ಹೊಟ್ಟೇಲಿ ಹುಣ್ಣು ಗಿಣ್ಣು ಇದೆಯಾ?”

“ನಂಗೇನಮ್ಮ ಹುಣ್ಣು, ಗುಂಡುಕಲ್ಲಿದ್ದಂಗಿದೀನಿ,” ಅಂದ ಅಜ್ಜ, ದನಿಯೇ ಇಲ್ಲದೆ.

ಮಾತ್ರೆ ಅಗಿಸಿದಳು. ಇಸಿಜಿಯ ಕಾಗದ ಮಿಷನ್ನಿನಿಂದ ಸರಸರನೆ ಹೊರಬಂತು. ಹೃದಯದ ಕೆಳಭಾಗಕ್ಕೆ ರಕ್ತ ಹೋಗುತ್ತಿಲ್ಲ ಎಂಬುದು ಅದರ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ನರ್ಸು ಅಭ್ಯಾಸಬಲದಿಂದ, ಎದೆನೋವಿಗೆ ನಾಲಿಗೆ ಕೆಳಗೆ ಹೊಡೆಯುವ ಸ್ಪ್ರೇ ಕೈಗೆತ್ತಿಕೊಂಡಿದ್ದಳು.

“ಅದು ಬೇಡ ಅಕ್ಕ! ಬಿಪಿ ಎಂಬತ್ತೆಂಟು ಇದೆ. ಅದನ್ನ ಹೊಡೆದ್ರೆ ಇನ್ನೂ ಇಳಿದು, ಅಜ್ಜ ನಮ್ಮ ಕೈ ಬಿಟ್ಟು ಹೋಗ್ತಾರೆ.”

ಆಂಬುಲೆನ್ಸ್ ಬರುವವರೆಗೂ ಅವಳು ಅಜ್ಜನ ಕೈ ಬಿಡಲಿಲ್ಲ. ‘ಸ್ಪ್ರೇ ಕೊಡಬೇಡಿ, ಬಿಪಿ ಕಡಿಮೆ’ ಅಂತ ಇಸಿಜಿ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಜೊತೆಗೆ ಕಳಿಸಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ದಾಖಲೆ ಬರೆದಳು: ಬಂದ ಗಂಟೆ, ನಾಡಿ, ಬಿಪಿ, ಕೊಟ್ಟ ಔಷಧಿ. ಕೊನೆಯಲ್ಲಿ ‘ನೋಡಿದವರು’ ಎಂಬ ಸಾಲು ಖಾಲಿಯಿತ್ತು. ದಿನವೂ ಅಲ್ಲಿ ದೊಡ್ಡ ಡಾಕ್ಟರ ಹೆಸರು ಹಾಕುತ್ತಿದ್ದ ಕೈ ಇಂದು ನಿಂತಿತು. ಅವರು ಇರಲೇ ಇಲ್ಲವಲ್ಲ! ಅವಳು ಟೈಪು ಮಾಡಿದಳು: ‘ಕೌಂಟರ್ ಗುಮಾಸ್ತೆ’.

ನಾಲ್ಕೂವರೆಗೆ ದೊಡ್ಡಾಸ್ಪತ್ರೆಯಿಂದ ಫೋನ್ ಬಂತು. ಅತ್ತ ಕಡೆಯಲ್ಲಿ ಹೃದಯದ ಡಾಕ್ಟರು.

“ಅಜ್ಜ ಪಾರಾದ್ರು. ಸ್ಪ್ರೇ ಕೊಡಬೇಡಿ ಅಂತ ಬರೆದ ಡಾಕ್ಟ್ರು ಯಾರು? ಅವರಿಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು.”

“ತಿಳಿಸ್ತೀನಿ ಸಾರ್,” ಅಂದು ಅವಳು ಫೋನ್ ಇಟ್ಟಳು. ಅಜ್ಜ ಬದುಕಿದನೆಂಬ ಸಂತೋಷಕ್ಕೋ, ಆ ಪ್ರಶ್ನೆಗೋ, ಕಣ್ಣು ತುಂಬಿಕೊಂಡಿತು.

ದೊಡ್ಡ ಡಾಕ್ಟರು ಐದು ಗಂಟೆಗೆ ವಾಪಸು ಬಂದರು. ಕೋಟಿನ ಮೇಲೆ ಭಾಷಣಕಾರರ ಬಿಲ್ಲೆ ಇನ್ನೂ ತೂಗುತ್ತಿತ್ತು. ದಾಖಲೆ ಓದಿ ಬೆವೆತುಹೋದರು. ದಾಖಲೆಯನ್ನು ಬರೆದವರು ಮಾತ್ರ ತಿದ್ದಬಹುದು, ಅದೂ ಅದೇ ದಿನ; ಸಂಜೆ ಆರಕ್ಕೆ ಆ ದಿನದ ದಾಖಲೆಗಳೆಲ್ಲ ತಾವಾಗಿ ಲಾಕ್ ಆಗುತ್ತವೆ. ಆಮೇಲೆ ಬ್ರಹ್ಮ ಬಂದರೂ ತಿದ್ದಲು ಆಗುವುದಿಲ್ಲ.

“ಇದೇನಮ್ಮ ಬರೆದಿದೀರಿ! ನಾನು ಇರ್ಲಿಲ್ಲ ಅಂತ ಊರಿಗೆಲ್ಲ ಗೊತ್ತಾಗ್ಬೇಕಾ? ಬಂದ ಗಂಟೆ ಹನ್ನೆರಡು ಇಪ್ಪತ್ತು ಅಂತ ಮಾಡಿ. ನೋಡಿದವರು ಅಂತ ನನ್ನ ಹೆಸರು ಹಾಕಿ.”

ಅವಳು ಕೀಲಿಮಣೆ ಮುಟ್ಟಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

“ಆ ಪತ್ರ ಕೊಡ್ತೀನಿ. ಹನ್ನೆರಡು ವಾರ ನನ್ನ ಕಣ್ಣೆದುರಿಗೆ ಕೆಲಸ ಮಾಡಿದೀರಿ ಅಂತ. ಈಗಲೇ, ಸೀಲು ಹಾಕಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಎರಡು ವರ್ಷ ಕೇಳಿದರೂ ಹೊರಡದ ಪತ್ರ ಎರಡು ನಿಮಿಷದಲ್ಲಿ ಸಹಿಯಾಗಿ ಮೇಜಿನ ಮೇಲೆ ಬಂದು ಕೂತಿತು. ಅವಳು ಅದನ್ನು ಓದಿದಳು. ‘ಅತ್ಯಂತ ಸಮರ್ಥ ವೈದ್ಯೆ’ ಅಂತ ಬರೆದಿದ್ದರು. ಬದಲಿಗೆ ಅವಳು ಬರೆಯಬೇಕಾದ ಸುಳ್ಳೆಂದರೆ ದಾಖಲೆಯಲ್ಲಿ ಒಂದು ಗಂಟೆ, ಒಂದು ಹೆಸರು. ಬೆರಳು ಕೀಲಿಮಣೆಯ ಮೇಲೆ ಹೋಯಿತು. ತಿದ್ದಿದರೆ ಏನಾಗುತ್ತದೆ? ಆಂಬುಲೆನ್ಸಿಗೆ ಫೋನ್ ಹೋದದ್ದು ಒಂದು ಹತ್ತಕ್ಕೆ, ಅಲ್ಲಿವರೆಗೆ ಎದೆನೋವಿನ ಮುದುಕನನ್ನು ಐವತ್ತು ನಿಮಿಷ ಬೆಂಚಿನ ಮೇಲೆ ಸುಮ್ಮನೆ ಕೂರಿಸಿದರೆಂದಾಗುತ್ತದೆ. ಮುಂದೆ ಅವನ ಹೃದಯ ನೋಡುವ ಪ್ರತಿ ಡಾಕ್ಟರೂ ಆ ಸುಳ್ಳು ಗಂಟೆಯನ್ನೇ ನಂಬಿ ಲೆಕ್ಕ ಹಾಕುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಅವಳು ತಪ್ಪು ಮಾಡಿದ್ದಾಳೆ, ಬೈಸಿಕೊಂಡಿದ್ದಾಳೆ. ರೋಗಿಯ ಫೈಲಿನಲ್ಲಿ ಗಂಟೆ ಮಾತ್ರ ಯಾವತ್ತೂ ತಿದ್ದಿಲ್ಲ. ಡಾಕ್ಟರಾಗುವುದಕ್ಕೋಸ್ಕರ ಡಾಕ್ಟರು ಮಾಡಬಾರದ್ದನ್ನು ಮಾಡಬೇಕೇ? ಥೂ!

“ಸಾರ್, ನಾನು ಸುಳ್ಳು ಬರೆಯಲ್ಲ. ನೀವು ನಿಜ ಬರೀರಿ. ಹನ್ನೆರಡು ವಾರ ಅಲ್ಲ, ಎರಡು ವರ್ಷ ಎಂಟು ತಿಂಗಳು ಅಂತ ಬರೀರಿ.”

“ನಾಳೆಯಿಂದ ಕೆಲಸಕ್ಕೆ ಬರೋದು ಬೇಡ,” ಅಂದು ಅವರು ಪತ್ರವನ್ನು ಅಲ್ಲೇ ಹರಿದು ಹಾಕಿದರು. ಆರು ಗಂಟೆಗೆ ದಾಖಲೆ ಲಾಕ್ ಆಯಿತು. ಅವಳು ಅದರ ಒಂದು ಪ್ರಿಂಟು ತೆಗೆದುಕೊಂಡಳು.

ಹೊರಡುವಾಗ ನರ್ಸು ಒಂದು ಚಪ್ಪಲಿ ಡಬ್ಬಿ ತಂದು ಅವಳ ಕೈಯಲ್ಲಿಟ್ಟಳು. ತೆರೆದರೆ ಹಳದಿ ಚೀಟಿಗಳು, ತಿಂಗಳು ತಿಂಗಳಿಗೂ ರಬ್ಬರ್ ಬ್ಯಾಂಡು ಸುತ್ತಿದ ಕಟ್ಟುಗಳು.

“ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ ಡಾಕ್ಟ್ರಮ್ಮ. ಮನೇಲಿ ಕೂತು ಓದ್ತಿದ್ದೆ, ಕಲಿಯೋಕೆ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ, ನಾನು ಬಂದು ಹೇಳ್ತೀನಿ.”

ಮರುದಿನ ಗಂಡ ರಜೆ ಹಾಕಿ ಅವಳ ಜೊತೆ ಕೌನ್ಸಿಲ್ಲಿಗೆ ಬಂದ. ಟೋಕನ್ ನಂಬರು ತೊಂಬತ್ತಾರು. ಮೂರು ಗಂಟೆ ಕಾದ ಮೇಲೆ ಗಾಜಿನ ಕಿಟಕಿಯ ಹಿಂದಿನ ಅಧಿಕಾರಿ ಮೇಡಂ ಪ್ರಿಂಟು ಓದಿದರು, ಡಬ್ಬಿಯಿಂದ ಒಂದು ಕಟ್ಟು ಬಿಚ್ಚಿ ಹತ್ತಾರು ಚೀಟಿ ನೋಡಿದರು. ಅವರ ಹುಬ್ಬು ಗಂಟಾಯಿತು.

“ಏನ್ರೀ ಇದು? ಲೈಸೆನ್ಸ್ ಇಲ್ದೆ ಇಷ್ಟೊಂದು ರೋಗಿಗಳನ್ನ ನೋಡಿದೀರಾ? ಇದು ಅಪರಾಧ, ಗೊತ್ತಾ ನಿಮಗೆ? ನಿಮ್ಮ ಮೇಲೆ ಕ್ರಮ ತಗೊಳ್ಬಹುದು.”

ಗಂಡ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

“ತಗೊಳ್ಳಿ ಮೇಡಂ. ಏನು ಅಪರಾಧ ಅಂತ ಬರೆದುಕೊಡಿ.”

“ಅಂದ್ರೆ?”

“ಈಕೆ ಎರಡು ವರ್ಷ ಎಂಟು ತಿಂಗಳಿಂದ ನಿನ್ನೆವರೆಗೂ ರೋಗಿಗಳನ್ನ ನೋಡಿದಾಳೆ ಅಂತ ಬರೀರಿ. ನಿಮ್ಮದೇ ಕಾಗದದ ಮೇಲೆ, ನಿಮ್ಮದೇ ಸೀಲು ಹಾಕಿ. ಇತ್ತೀಚಿನ ಅನುಭವಕ್ಕೆ ಪುರಾವೆ ಬೇಕು ಅಂದಿದ್ರಲ್ಲ, ಅದನ್ನೇ ನನ್ನ ಫೈಲಿಗೆ ಸೇರಿಸಿ. ನಾನು ರೋಗಿನ ನೋಡೇ ಇಲ್ಲ ಅಂತೀರಾದ್ರೆ ಅಪರಾಧ ಇಲ್ಲ. ನೋಡಿದೀನಿ ಅಂತೀರಾದ್ರೆ ಅನುಭವ ಇದೆ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ.”

ಅಧಿಕಾರಿ ಪೆನ್ನು ಎತ್ತಿದವರು ಮತ್ತೆ ಕೆಳಗಿಟ್ಟು, ಪ್ರಿಂಟನ್ನು ಇನ್ನೊಮ್ಮೆ ಓದತೊಡಗಿದರು. ಹಿಂದಿನ ಸಾಲಿನಲ್ಲಿ ಫೈಲು ಹಿಡಿದು ಕೂತಿದ್ದವರು, ಯಾವ್ಯಾವುದೋ ದೇಶದಲ್ಲಿ ಡಾಕ್ಟರಾಗಿ ಬಂದವರು, ಒಬ್ಬೊಬ್ಬರಾಗಿ ಎದ್ದು ಕಿಟಕಿಯ ಹತ್ತಿರ ಬಂದರು.

“ಇದನ್ನ... ಮೇಲಿನವರನ್ನ ಕೇಳ್ಬೇಕು,” ಅಂದರು ಮೇಡಂ. “ಹೊತ್ತಾಗುತ್ತೆ.”

“ಕೇಳಿ ಮೇಡಂ. ಇನ್ನೂ ಒಂಬತ್ತು ದಿನ ಇದೆ.” ಅವಳು ಕುರ್ಚಿ ಎಳೆದುಕೊಂಡು ಕಿಟಕಿಯ ಎದುರಿಗೇ ಕೂತಳು. “ಬರೆಯೋವರೆಗೂ ಇಲ್ಲೇ ಇರ್ತೀನಿ. ಕೌಂಟರ್‌ನಲ್ಲಿ ಕೂತು ನಂಗೆ ಅಭ್ಯಾಸ ಆಗಿದೆ.”