ಆರು ಲಕ್ಷದ ಭತ್ತ

ಎರಡು ಎಕರೆಯಲ್ಲಿ ಆರು ಲಕ್ಷ ರೂಪಾಯಿಯ ಭತ್ತ ಬೆಳೆದವರು ಯಾರಾದರೂ ಇದ್ದರೆ ಬಂದು ಎರ್ರೆಮ್ಮನ ಎದುರಿಗೆ ನಿಂತು ಹೇಳಲಿ. ಕಂಪ್ಲಿ ಬಳಿಯ ಮೆಟ್ರಿಯ ಕಾಲುವೆ ನೀರಿನಲ್ಲಿ ನಲವತ್ತು ವರ್ಷ ಕಾಲು ನೆನೆಸಿದವಳು ಅವಳು. ಎರಡೂ ಬೆಳೆ ಕೈಗೆ ಹತ್ತಿದ ವರ್ಷ ಕೂಡ ಗೊಬ್ಬರ, ಟ್ರ್ಯಾಕ್ಟರು, ನಾಟಿಯ ಕೂಲಿ ಎಲ್ಲ ಕಳೆದು ಒಂದು ಲಕ್ಷ ಮಿಕ್ಕರೆ ಮನೆಯಲ್ಲಿ ಹೋಳಿಗೆ ಮಾಡುತ್ತಿದ್ದಳು. ಈಗ ನೋಡಿದರೆ ಆರು ಲಕ್ಷವಂತೆ. ಅದೂ ಅವಳದೇ ಗದ್ದೆಯಲ್ಲಿ, ಅವಳಿಗೇ ಗೊತ್ತಿಲ್ಲದೆ, ಒಂದಲ್ಲ ಎರಡಲ್ಲ, ಮೂರು ವರ್ಷ.

ಹಾಗಂತ ಕಾಗದ ಹೇಳುತ್ತಿತ್ತು. ಹೊಸಪೇಟೆಯ ಜಿಲ್ಲಾ ಕಚೇರಿಯಲ್ಲಿ, ಪೌರತ್ವದ ಅರ್ಜಿಗಳ ವಿಚಾರಣೆ ಮಾಡುವ ಅಧಿಕಾರಿಯ ಮೇಜಿನ ಮೇಲೆ ಆ ಕಾಗದ ಬಿದ್ದುಕೊಂಡಿತ್ತು. ಅರ್ಜಿ ಹಾಕಿದವಳು ಎರ್ರೆಮ್ಮನ ಸೊಸೆ ಚಂದ್ರಕಲಾ. ಹುಟ್ಟಿದ್ದು ನೇಪಾಳದಲ್ಲಿ. ಅಣ್ಣನ ಜೊತೆ ಹಂಪಿಯ ಹೋಟೆಲೊಂದಕ್ಕೆ ಅಡುಗೆ ಕೆಲಸಕ್ಕೆ ಬಂದವಳು, ಆಗ ಆಟೋ ಓಡಿಸುತ್ತಿದ್ದ ದುರುಗೇಶನನ್ನು ಮದುವೆಯಾಗಿ ಇಲ್ಲೇ ಉಳಿದಳು. ಹನ್ನೊಂದು ವರ್ಷವಾಯಿತು. ಈಗ ದುರುಗೇಶ ಗಣಿ ಕಂಪನಿಯ ಬಸ್ಸು ಓಡಿಸುತ್ತಾನೆ. ಹೊಸಪೇಟೆಯ ಚಿತ್ತವಾಡ್ಗಿಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಂದ್ರಕಲಾ ನೂರಾ ಇಪ್ಪತ್ತು ಜನಕ್ಕೆ ಬುತ್ತಿ ಕಟ್ಟುತ್ತಾಳೆ, ಅದೇ ಬಸ್ಸಿನಲ್ಲಿ ಅದು ಯಶವಂತನಗರದ ಗಣಿಗೆ ಹೋಗುತ್ತದೆ. ಅಲ್ಲಿಯ ಗುತ್ತಿಗೆದಾರ ದುಡ್ಡನ್ನು ಬ್ಯಾಂಕಿಗೆ ಹಾಕುತ್ತಾನೆ, ಹಾಕುವ ಮೊದಲೇ ತೆರಿಗೆ ಅಂತ ಇಷ್ಟು ಮುರಿದುಕೊಳ್ಳುತ್ತಾನೆ. ಅವಳು ಬೆಳೆದದ್ದು ಭತ್ತವಲ್ಲ, ಬೇಯಿಸಿದ್ದು ಅನ್ನ.

ಅಧಿಕಾರಿ ಕನ್ನಡಕ ಹಾಕಿದ ಹೆಂಗಸು, ದನಿ ಎತ್ತಿದವಳಲ್ಲ. ನೀವು ನೇಪಾಳದ ಪ್ರಜೆ, ಸಾಗುವಳಿ ಜಮೀನು ನಿಮ್ಮ ಹೆಸರಿಗೆ ಇರಲು ಕಾನೂನಿನಲ್ಲಿ ದಾರಿಯೇ ಇಲ್ಲ, ಆದರೆ ನಿಮ್ಮ ಆದಾಯ ತೆರಿಗೆ ರಿಟರ್ನ್‌ನಲ್ಲಿ ಸ್ವಂತ ಜಮೀನು ಎರಡು ಎಕರೆ, ನೀರಾವರಿ, ಭತ್ತ ಅಂತ ಬರೆದಿದೆಯಲ್ಲ ಎಂದು ಕೇಳಿದಳು. ಸೊಸೆಯ ನಡತೆ ಬಲ್ಲೆನೆಂದು ಹೇಳಲು ಜೊತೆಗೆ ಬಂದಿದ್ದ ಎರ್ರೆಮ್ಮ, ಅಧಿಕಾರಿ ಸರ್ವೆ ನಂಬರ್ ಓದಿ ಹೇಳಿದ್ದೇ ತಡ, ಬೆಂಚಿನಿಂದ ಎದ್ದು ನಿಂತಳು. ಅದು ಅವಳ ಗದ್ದೆಯ ನಂಬರು. ಒಂದು ತಿಂಗಳೊಳಗೆ ಬರಹದಲ್ಲಿ ಉತ್ತರ ಕೊಡಿ, ಸುಳ್ಳು ಮಾಹಿತಿ ಕೊಟ್ಟವರ ಕಡತ ಮೇಲೆ ಹೋದರೂ ವಾಪಸ್ ಬರುವುದೇ ಹೆಚ್ಚು ಎಂದು ಅಧಿಕಾರಿ ಕಳಿಸಿಕೊಟ್ಟಳು.

ಆ ಗದ್ದೆಗಾಗಿಯೇ ಈ ಅರ್ಜಿ. ದುರುಗೇಶ ಕೆಟ್ಟವನಲ್ಲ, ಆದರೆ ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ. ಗೆಳೆಯನ ಲಾರಿ ಸಾಲಕ್ಕೆ ಜಾಮೀನು ನಿಂತು ತನ್ನ ಪಾಲಿನ ಜಮೀನು ಕಳೆದುಕೊಂಡಿದ್ದ. ಉಳಿದ ಎರಡು ಎಕರೆ ಎರ್ರೆಮ್ಮನ ಹೆಸರಿನಲ್ಲಿತ್ತು. ಇದನ್ನು ಸೊಸೆಯ ಹೆಸರಿಗೆ ಮಾಡಿಬಿಡುತ್ತೇನೆ, ಅವಳ ಕೈಯಲ್ಲಿದ್ದರೆ ಮೊಮ್ಮಗಳ ತನಕ ಉಳಿಯುತ್ತದೆ ಎಂದು ಕಂಪ್ಲಿಯ ನೋಂದಣಿ ಕಚೇರಿಗೆ ಹೋದರೆ, ಆಕೆ ಈ ದೇಶದವಳಲ್ಲ, ಆಗುವುದಿಲ್ಲ ಎಂದರು. ಎರ್ರೆಮ್ಮನಿಗೆ ಮೈಯೆಲ್ಲ ಉರಿದಿತ್ತು. ಹನ್ನೊಂದು ವರ್ಷ ತಪ್ಪದೆ ಊರಿಗೆ ಬಂದು ತನ್ನ ಜೊತೆ ಕೆಸರಿಗಿಳಿದು ನಾಟಿ ಹಾಕಿದವಳು, ಮಾವ ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಬಳಿದವಳು ಈ ದೇಶದವಳಲ್ಲವಂತೆ. ಓಟಿನ ದಿನ ಊರಿಗೆ ಊರೇ ಶಾಲೆಯೊಳಗೆ ಹೋಗಿ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದರೆ, ಚಂದ್ರಕಲಾ ಗೇಟಿನ ಹೊರಗೆ ಮಂದಿಯ ಕೂಸುಗಳನ್ನು ಎತ್ತಿಕೊಂಡು ನಿಂತಿರುತ್ತಿದ್ದಳು. ಹೊರಗೆ ನಿಲ್ಲುವ ಆ ಪಾಡಿಗೆ ಒಂದು ಗತಿ ಕಾಣಿಸಬೇಕೆಂದೇ ಅರ್ಜಿ ಹಾಕಿದ್ದು.

ಕಚೇರಿಯಿಂದ ಇಳಿದ ಎರ್ರೆಮ್ಮ ಸೊಸೆಯನ್ನು ಕರೆದುಕೊಂಡು ನೇರ ಹೋದದ್ದು ಬಸ್ ನಿಲ್ದಾಣದ ಹಿಂದಿನ ಓಣಿಗೆ, ಮನೋಹರನ ಅಂಗಡಿಗೆ. ತೆರಿಗೆ ಸಲಹೆಗಾರ ಎಂದು ಬೋರ್ಡು ಹಾಕಿಕೊಂಡವನು. ಎರ್ರೆಮ್ಮನ ತಂಗಿಯ ಮಗ. ತಂಗಿ ಸತ್ತಾಗ ಅವನಿಗೆ ಆರು ವರ್ಷ, ಎರ್ರೆಮ್ಮನೇ ಉಣಿಸಿ ತಿನಿಸಿ ಓದಿಸಿದ್ದಳು. ಚಂದ್ರಕಲಾಳ ಕಾಗದಪತ್ರವನ್ನೆಲ್ಲ ಮೂರು ವರ್ಷದಿಂದ ನೋಡಿಕೊಂಡವನು ಅವನೇ. ಗುತ್ತಿಗೆದಾರ ಮುರಿದುಕೊಂಡ ತೆರಿಗೆಯನ್ನು ವಾಪಸ್ ಬರಿಸಿಕೊಟ್ಟು, ಅದರಲ್ಲಿ ಮೂರನೇ ಒಂದು ಪಾಲು ತಾನಿಟ್ಟುಕೊಳ್ಳುತ್ತಿದ್ದ. ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲವಲ್ಲ, ಅದಕ್ಕೇ ಅನ್ನವನ್ನು ಭತ್ತ ಮಾಡಿದ್ದ. ದೊಡ್ಡವ್ವನ ಪಹಣಿ ಹೇಗೂ ಅವನ ಬಳಿ ಇತ್ತು.

ಎರ್ರೆಮ್ಮ ಅಂಗಡಿಯ ಹೊಸ್ತಿಲಲ್ಲೇ ನಿಂತು ಬೈಯಲು ಶುರು ಮಾಡಿದಳು. ನೀನು ಭತ್ತದ ಸಸಿ ಯಾವುದು ಹುಲ್ಲು ಯಾವುದು ಅಂತ ಹೇಳು ನೋಡೋಣ ಎಂದಳು. ಎಕರೆಗೆ ಎಷ್ಟು ಚೀಲ ಬರುತ್ತದೆಂದು ಬರೆಯುವ ಮೊದಲು ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದಳು. ಮನೋಹರ ನಾಚಿಕೊಳ್ಳಬೇಕಿತ್ತು. ಪುಣ್ಯಾತ್ಮ ಚಹಾ ತರಿಸಿದ. ಸುತ್ತಮುತ್ತ ಯಾರನ್ನು ಬೇಕಾದರೂ ಕೇಳು, ಲಾರಿಯವರಿಗೂ ಅಂಗಡಿಯವರಿಗೂ ನಾನು ಭತ್ತವೇ ಬರೆಯುವುದು, ಇಲ್ಲಿಯವರೆಗೆ ಒಬ್ಬರನ್ನೂ ಯಾರೂ ಕೇಳಿಲ್ಲ, ಇವಳು ಪೌರತ್ವಕ್ಕೆ ಹೋಗುತ್ತಾಳೆಂದು ನನಗೇನು ಕನಸು ಬಿದ್ದಿತ್ತೇ ಎಂದ. ಹೇಳುವಾಗ ಮುಖದ ಮೇಲೆ ಒಂದು ಗೆರೆ ಕದಲಲಿಲ್ಲ.

ಉಪಾಯವೂ ಅವನ ಬಳಿ ತಯಾರಿತ್ತು. ಹಳೇ ತಾರೀಖಿನ ಬಾಂಡ್ ಪೇಪರ್ ಸಿಗುತ್ತದೆ. ಗದ್ದೆಯನ್ನು ಸೊಸೆಗೆ ನಾಲ್ಕು ವರ್ಷದ ಹಿಂದೆಯೇ ಲೀಸಿಗೆ ಕೊಟ್ಟಿದ್ದೇನೆಂದು ಎರ್ರೆಮ್ಮ ಒಂದು ಸಹಿ ಹಾಕಿದರೆ ಸಾಕು. ಸ್ವಂತ ಅಂತ ಬರೆದದ್ದು ಟೈಪಿಂಗ್ ತಪ್ಪು ಎಂದು ಹೇಳಿದರಾಯಿತು.

"ದೊಡ್ಡವ್ವ, ಒಂದು ಸಹಿ. ಎಲ್ಲಾ ಸರಿ ಹೋಗತೈತಿ. ಇಲ್ಲಂದ್ರ ಆಕಿ ಅರ್ಜಿ ಬಿದ್ದು ಹೋಗತೈತಿ, ನೋಡು ಮತ್ತ" ಎಂದ.

ಸುಳ್ಳು ಯಾಕೆ ಹೇಳಬೇಕು, ಎರ್ರೆಮ್ಮನ ಕೈ ಪೆನ್ನಿನ ಕಡೆ ಹೋಯಿತು. ದುರುಗೇಶನಿಗೆ ಫೋನು ಹಚ್ಚಿದರೆ ಅವನೂ ಹಾಕಿಬಿಡು ಅವ್ವ, ರಗಳೆ ಬೇಡ ಎಂದ. ಮೂರು ವರ್ಷದ ಕಾಗದ ಹೇಗಿದ್ದರೂ ಸುಳ್ಳೇ, ಇನ್ನೊಂದು ಹಾಳೆ ಸೇರಿದರೆ ಆಕಾಶ ಬೀಳುತ್ತದೆಯೇ ಎಂದು ಅವಳಿಗೂ ಅನ್ನಿಸಿತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಚಂದ್ರಕಲಾ ಎದ್ದು ಬಂದು ಪೆನ್ನಿನ ಮುಚ್ಚಳ ಹಾಕಿದಳು.

"ಬ್ಯಾಡ ಅತ್ತಿ. ಇನ್ನೊಂದು ಸುಳ್ಳು ಬರಸ್ಕೊಂಡು ನಾ ಈ ಊರಿನಾಕಿ ಆಗೋದು ಬ್ಯಾಡ."

ಅಂಗಡಿಯಿಂದ ಹೊರಗೆ ಬಂದ ಮೇಲೂ ಎರ್ರೆಮ್ಮನ ಬಾಯಿ ನಿಲ್ಲಲಿಲ್ಲ. ಆಟೋದಲ್ಲಿ ಬೈದಳು, ಮನೆ ಮೆಟ್ಟಿಲು ಹತ್ತುತ್ತ ಬೈದಳು, ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಮನೋಹರನ ಹುಟ್ಟಿದ ಗಳಿಗೆಯಿಂದ ಹಿಡಿದು ಜನ್ಮ ಜಾಲಾಡಿದಳು. ಉಂಡ ಮನೆಗೆ ಹಿಂಗ ಮಾಡ್ತಾನಲ್ಲ ಎಂದಳು. ನಿನಗೆ ಓದಲು ಬರುವುದಿಲ್ಲವೆಂದು ನಿನ್ನ ಕಣ್ಣಿಗೆ ಮಣ್ಣೆರಚಿದ ನೋಡು ಎಂದಳು. ಚಂದ್ರಕಲಾ ಮರುದಿನದ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

"ನಂಗ ಓದಾಕ ಬರತೈತಿ ಅತ್ತಿ" ಎಂದಳು. "ಮೊದಲನೇ ವರ್ಷನ ಓದಿದ್ದೆ. ನಿಮ್ಮನ್ನ ಕೇಳಿದ್ದೆ."

ಎರ್ರೆಮ್ಮನ ಕೈಯಲ್ಲಿದ್ದ ಬೆಳ್ಳುಳ್ಳಿ ಅಲ್ಲೇ ನಿಂತಿತು. ಹೌದು, ಕೇಳಿದ್ದಳು. ಮನೋಹರನ ಅಂಗಡಿಯಲ್ಲಿಯೇ, ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು, ಅತ್ತಿ, ಇಲ್ಲಿ ಭತ್ತ ಅಂತ ಐತಿ, ನಂದು ಗದ್ದೆ ಎಲ್ಲೈತಿ ಎಂದು ಕೇಳಿದ್ದಳು. ಎರ್ರೆಮ್ಮ ಅಂಗಡಿಯ ತುಂಬ ಜನರಿರುವಾಗ ಗದರಿಸಿದ್ದಳು. ನಮ್ಮ ದೇಶದ ಪದ್ಧತಿ ನಿನಗೇನು ಗೊತ್ತು, ಅವನು ನಮ್ಮ ಮನೆ ಹುಡುಗ, ತೋರಿಸಿದ ಕಡೆ ಸಹಿ ಹಾಕು, ಸುಮ್ಮನಿರು ಎಂದಿದ್ದಳು. ಜನ ನಕ್ಕಿದ್ದರು. ಸಹಿ ಹಾಕಿ ಹೊರಗೆ ಬಂದ ಸೊಸೆಗೆ ಕಬ್ಬಿನ ಹಾಲು ಕುಡಿಸಿದ್ದಳು, ಅಲ್ಲಿಗೆ ಮರೆತೂ ಬಿಟ್ಟಿದ್ದಳು. ಚಂದ್ರಕಲಾ ಮರೆತಿರಲಿಲ್ಲ. ಎರ್ರೆಮ್ಮ ಹಿಟ್ಟಿಗೆ ಉಪ್ಪು ಕಡಿಮೆಯಾಗಿದೆ ನೋಡು ಎಂದು ಏನೋ ಒಂದು ಹೇಳಿ ಎದ್ದುಹೋದಳು.

ಮುಂದಿನ ಕೆಲಸವನ್ನೆಲ್ಲ ಚಂದ್ರಕಲಾ ಒಬ್ಬಳೇ ಮಾಡಿದಳು. ಸ್ಟೇಷನ್ ರಸ್ತೆಯಲ್ಲಿ ಗಂಗಾಂಬಿಕಾ ಎಂಬ ಇನ್ನೊಬ್ಬ ಆಡಿಟರ್ ಸಿಕ್ಕಳು. ಮೂರು ವರ್ಷದ ರಿಟರ್ನ್‌ಗಳನ್ನೂ ತಿದ್ದಿ ಮತ್ತೆ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ, ಬಾಕಿ ತೆರಿಗೆಯ ಜೊತೆ ದಂಡ ಕಟ್ಟಬೇಕು, ಕಟ್ಟಿದ ರಸೀದಿಯನ್ನು ಅರ್ಜಿಗೆ ಲಗತ್ತಿಸಿ ಆದದ್ದನ್ನು ಆದ ಹಾಗೆ ಬರೆದುಕೊಡಿ, ಮುಚ್ಚಿಟ್ಟರೇ ಕಷ್ಟ ಎಂದಳಂತೆ. ದೊಡ್ಡ ಫ್ರಿಜ್ಜಿಗೆಂದು ಕೂಡಿಟ್ಟ ದುಡ್ಡು ಅದಕ್ಕೆ ಹೋಯಿತು. ಎಲ್ಲಕ್ಕಿಂತ ಎರ್ರೆಮ್ಮನ ಹೊಟ್ಟೆ ಉರಿಸಿದ್ದು ಇನ್ನೊಂದು ಸಂಗತಿ. ಅಡುಗೆ ಕೆಲಸವೆಂದು ಮೊದಲೇ ಸರಿಯಾಗಿ ಬರೆದಿದ್ದರೆ ಕಟ್ಟಬೇಕಾಗುತ್ತಿದ್ದ ತೆರಿಗೆ ತೀರಾ ಕಡಿಮೆ ಎಂದು ಆ ಗಂಗಾಂಬಿಕಾ ಹೇಳಿದ್ದಳು. ನಿಜ ಹೇಳುವುದು ಇಷ್ಟು ಅಗ್ಗವಿದ್ದ ಕಡೆ ಸುಳ್ಳು ಬರೆದು ಕೂತಿದ್ದ ಆ ಮನೋಹರ. ಇವನನ್ನು ಓದಿಸಲು ತಾನು ಎಮ್ಮೆ ಮಾರಿದ್ದೆನಲ್ಲ ಎಂದು ಎರ್ರೆಮ್ಮ ಹಣೆ ಹಣೆ ಬಡಿದುಕೊಂಡಳು.

ತಿಂಗಳು ತುಂಬುವ ಮೊದಲೇ ಅತ್ತೆ ಸೊಸೆ ಮತ್ತೆ ಆ ಕಚೇರಿಗೆ ಹೋದರು. ಅಧಿಕಾರಿ ಪತ್ರವನ್ನು ಎರಡು ಸಲ ಓದಿದಳು, ರಸೀದಿಗಳನ್ನು ಮಗುಚಿ ನೋಡಿದಳು, ಮೆಚ್ಚಿದವಳ ಹಾಗೆ ತಲೆದೂಗಿದಳು. ದುಡ್ಡಿನ ಲೆಕ್ಕ ಸರಿಹೋಯಿತು, ನಾನು ವರದಿಯಲ್ಲಿ ಬರೆಯಬೇಕಾದದ್ದು ಒಂದೇ ಉಳಿದಿದೆ, ಇದು ಗೊತ್ತಿದ್ದು ಮಾಡಿದ್ದೋ ಗೊತ್ತಿಲ್ಲದೆ ಆದದ್ದೋ ಎಂದು ಕೇಳಿದಳು. ಗೊತ್ತಿಲ್ಲದೆ ಅಂತ ಹೇಳಮ್ಮ ತಾಯಿ ಎಂದು ಎರ್ರೆಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಅಧಿಕಾರಿಗೂ ಅದೇ ಬೇಕಿದ್ದಂತಿತ್ತು.

"ಅನುಮಾನ ಇತ್ತು ಮೇಡಂ" ಎಂದಳು ಚಂದ್ರಕಲಾ. "ಕೇಳಿದೆ. ಸುಮ್ಮನಿರು ಅಂದ್ರು. ಸುಮ್ಮನಾದೆ."

ಯಾರು ಹಾಗೆಂದರು ಎಂದು ಅಧಿಕಾರಿ ಕೇಳಿದಳು. ಚಂದ್ರಕಲಾ ಮೇಜಿನ ಅಂಚನ್ನು ನೋಡುತ್ತ, ಯಾರಾದರೇನು ಮೇಡಂ, ಸಹಿ ನನ್ನದೇ ಎಂದಳು. ಅಧಿಕಾರಿ ಪೆನ್ನು ಕೆಳಗಿಟ್ಟಳು. ಹೀಗಾದರೆ ಗೊತ್ತಿದ್ದೂ ಸುಳ್ಳು ಕೊಟ್ಟರೆಂದೇ ಬರೆಯಬೇಕಾಗುತ್ತದೆ, ಕೇಳಿದ್ದೆ ಎನ್ನುವುದಕ್ಕೆ ಒಂದು ಸಾಕ್ಷಿಯಾದರೂ ಬೇಡವೇ ಎಂದಳು. ಚಂದ್ರಕಲಾ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

ನೋಡಿದ್ದರೆ ಎರ್ರೆಮ್ಮನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಇಷ್ಟು ದಿನ ಮನೋಹರನ ಮೇಲೆ ಕಾರಿದ ಸಿಟ್ಟೆಲ್ಲ ಈಗ ತಿರುಗಿ ತನ್ನ ಮೇಲೆಯೇ ಬಂತು. ತನ್ನನ್ನು ಕಾಯಲು ಈ ಹುಡುಗಿ ತನ್ನ ಅರ್ಜಿಯನ್ನೇ ಕೈಯಾರೆ ಹಾಳು ಮಾಡಿಕೊಳ್ಳುತ್ತಿದ್ದಾಳೆ, ತಾನು ಬೆಂಚಿನ ಮೇಲೆ ಕಲ್ಲಿನ ಹಾಗೆ ಕೂತಿದ್ದೇನೆ. ಥೂ ನನ್ನ ಜನ್ಮಕ್ಕಿಷ್ಟು ಎಂದುಕೊಂಡು ಸೆರಗು ಬಿಗಿದು ಮೇಜಿನ ಹತ್ತಿರ ಬಂದು ನಿಂತಳು. ಸುಮ್ಮನಿರು ಅಂದವಳು ನಾನು, ನನ್ನ ತಂಗಿ ಮಗನ ಅಂಗಡಿಗೆ ಕರಕೊಂಡು ಹೋದವಳೂ ನಾನೇ, ನನ್ನ ಮಾತು ಬರಕೊಳ್ಳಿ ಎಂದಳು.

ಅಧಿಕಾರಿ ಅವಳನ್ನು ಸಮಾಧಾನ ಮಾಡಲು ನೋಡಿದಳು. ಹೇಳಿಕೆ ಅಂತ ಬರೆದರೆ ನಿಮ್ಮ ತಂಗಿ ಮಗನ ಹೆಸರೂ ಬರುತ್ತದೆ, ಅವನಿಗೆ ನೋಟಿಸ್ ಹೋಗುತ್ತದೆ, ನೀವೂ ಹತ್ತು ಸಲ ಓಡಾಡಬೇಕಾಗುತ್ತದೆ, ಈ ವಯಸ್ಸಿನಲ್ಲಿ ಯಾಕೆ ಬೇಕು ಎಂದಳು.

"ಅರ್ಜಿ ಹಾಕಿದೋರನ್ನ ಅಷ್ಟೇ ನಾವು ಕೇಳೋದು ಅಜ್ಜಿ. ನೀವು ಇಲ್ಲೇ ಹುಟ್ಟಿದೋರು. ನಿಮ್ಮನ್ನ ಯಾರೂ ಕೇಳಲ್ಲ, ಕೂತ್ಕೊಳ್ಳಿ."

ಎರ್ರೆಮ್ಮ ಕೂರಲಿಲ್ಲ. ಇಲ್ಲಿ ಹುಟ್ಟಿದ್ದಕ್ಕೆ ಮನೋಹರನನ್ನು ಯಾರೂ ಕೇಳಲಿಲ್ಲ, ಭತ್ತ ಬೆಳೆದ ಲಾರಿಯವರನ್ನು ಯಾರೂ ಕೇಳಲಿಲ್ಲ, ನನ್ನನ್ನೂ ಎಪ್ಪತ್ತು ವರ್ಷದಿಂದ ಯಾರೂ ಒಂದು ಮಾತು ಕೇಳಿಲ್ಲ, ಕೇಳಿದವಳು ಇವಳೊಬ್ಬಳು, ಅವಳ ಬಾಯಿಯನ್ನೂ ನಾನು ಮುಚ್ಚಿಸಿದೆ ಎಂದು ಒಂದೇ ಉಸಿರಿಗೆ ಹೇಳಿದಳು. ಪಕ್ಕದ ಮೇಜುಗಳವರು ಬರೆಯುವುದನ್ನು ಬಿಟ್ಟು ನೋಡಿದರು. ಚಂದ್ರಕಲಾ ಸೆರಗು ಹಿಡಿದು ಜಗ್ಗಿದಳು, ಅವಳು ಬಿಡಿಸಿಕೊಂಡಳು.

"ಕೇಳ್ರಿ. ನನ್ನೂ ಕೇಳ್ರಿ. ಬರಕೊಳ್ಳೋತನಕ ನಾ ಇಲ್ಲಿಂದ ಕದಲಂಗಿಲ್ಲ."

ಅಧಿಕಾರಿ ಡ್ರಾಯರ್‌ನಿಂದ ಹೊಸ ಹಾಳೆ ತೆಗೆದು ಹೆಸರು, ಊರು, ವಯಸ್ಸು ಕೇಳಿ ಬರೆದುಕೊಂಡಳು. ಕೊನೆಗೆ ಅರ್ಜಿದಾರಳಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದಳು. ಸೊಸೆ ಎಂಬ ಮಾತು ಎರ್ರೆಮ್ಮನ ನಾಲಿಗೆಯ ತುದಿಗೆ ಬಂದಿತ್ತು.

"ಆಕಿ ಕೇಳಿದಾಕಿ, ನಾ ಬಾಯಿ ಮುಚ್ಚಿಸಿದಾಕಿ" ಎಂದಳು. "ಮೊದಲು ಹಂಗ ಬರೀರಿ. ಸೊಸಿ ಅಂತ ಅದರ ಕೆಳಗ ಬರೀರಿ."