ನೂಲು ಹರಿಯದಿದ್ದರೂ ನಿಂತ ಮಗ್ಗ

ಮಗ್ಗದ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಿದ್ದರು. ನೇಯ್ದ ಬಟ್ಟೆಯಲ್ಲಿ ಹುಳುಕು ಹುಡುಕುವ ಮೇಜಿನ ಮುಂದೆ ಬಗ್ಗಿ ನಿಲ್ಲುವುದು ಅವಳ ಕೆಲಸ. ವರ್ಷದಿಂದ ಸೊಂಟನೋವು. ಸ್ಕ್ಯಾನ್ ಮಾಡಿಸಿದರೆ ಮೂಳೆ, ನರ ಎಲ್ಲವೂ ನೆಟ್ಟಗಿವೆ.

"ಏನೂ ಇಲ್ಲ ಅಂದ್ಮೇಲೆ ಎಲ್ಲಿಂದ ಬಂತು ನೋವು? ಸೋಮವಾರದಿಂದ ಸರಿಯಾಗಿ ಬಾ. ಇಲ್ಲಾಂದ್ರೆ ಬರಲೇಬೇಡ" ಎಂದಿದ್ದ ಸೂಪರ್‌ವೈಸರ್.

ಅದಕ್ಕಿಂತ ಚುಚ್ಚಿದ್ದು ಗಂಡನ ಮಾತು. ಅವನು ಅಲ್ಲಿಯೇ ಮಗ್ಗದ ಮೆಕ್ಯಾನಿಕ್. ಮೊದಲು ಅವಳ ಸೊಂಟದೊಳಗೆ ಏನೋ ಸಡಿಲವಾಗಿದೆಯೆಂದು ಮಗ್ಗದ ಹಳೇ ಬೆಲ್ಟನ್ನು ಕತ್ತರಿಸಿ ತಂದು ಅವಳ ಸೊಂಟಕ್ಕೆ ಬಿಗಿದಿದ್ದ. ಬಗ್ಗಬೇಡ, ನಡೆಯಬೇಡ, ಬಿಂದಿಗೆ ಎತ್ತಬೇಡ ಎಂದು ತಾಕೀತು ಮಾಡಿದ್ದ. ಮಲಗಿ ಮಲಗಿ ನೋವು ಬಲಿಯಿತು. ಕೊನೆಗೆ ಅವನೂ, "ನಿನ್ನ ಮನಸ್ಸಲ್ಲೇ ಏನೋ ಇದೆ ಕಣೇ" ಎಂದುಬಿಟ್ಟ.

ಗಂಡ ಹೆಂಡತಿ ಆಸ್ಪತ್ರೆಗೆ ಹೋದಾಗ ಅಲ್ಲಿನ ಫಿಸಿಯೋಥೆರಪಿ ಮೇಡಂ ಆ ಬೆಲ್ಟ್ ನೋಡಿ ನಕ್ಕರು. "ಇದೇನಣ್ಣ, ಮೋಟಾರೂ ಕೂರಿಸೋ ಯೋಚನೆ ಇದೆಯಾ?"

"ತಮಾಷೆ ಬಿಡಿ ಮೇಡಂ. ಒಳಗೆ ಏನೂ ಮುರಿದಿಲ್ಲ. ಮತ್ತೆ ನೋವು ಅಂದ್ರೆ ಸುಳ್ಳಲ್ವಾ?"

"ನೂಲು ಹರಿದ್ರೆ ಮಗ್ಗ ತಾನಾಗೇ ನಿಲ್ಲತ್ತೆ. ಹರಿಯದೇ ನಿಂತಿದ್ದು ನೋಡಿಲ್ವಾ?"

"ದಿನಾ ನೋಡ್ತೀನಿ. ಸೆನ್ಸರ್ ಸೂಕ್ಷ್ಮ ಜಾಸ್ತಿ ಆಗಿರತ್ತೆ. ನೂಲು ಅಲುಗಿದ್ರೂ ಸಾಕು, ಟಪ್ ಅಂತ ನಿಲ್ಲಿಸ್ಬಿಡತ್ತೆ."

"ಆಗ ಮಗ್ಗ ನಾಟಕ ಆಡ್ತಿದೆ ಅಂತೀರಾ?"

ಅವನು ಹೆಂಡತಿಯ ಸೊಂಟದ ಬೆಲ್ಟಿನತ್ತ ನೋಡಿದ.

"ನೋವು ಅಂದ್ರೆ ಮಿದುಳು ಕೊಡೋ ಎಚ್ಚರಿಕೆ ಅಣ್ಣ. ಕೆಲವರಲ್ಲಿ ಪೆಟ್ಟು ಮಾಗಿದ್ರೂ, ಪೆಟ್ಟೇ ಬೀಳದಿದ್ರೂ, ನರ ಮತ್ತು ಮಿದುಳು ಕಟ್ಟೆಚ್ಚರ ಬಿಡಲ್ಲ. ಬಗ್ಗಿದ್ರೂ ಅಪಾಯ ಅಂತ ಕೂಗ್ತಾವೆ. ಅದರ ಮೇಲೆ ಭಯ, ನಿದ್ದೆಗೇಡು, ಜನರ ಕೊಂಕು, ಉರಿಯೋ ಬೆಂಕಿಗೆ ತುಪ್ಪ. ಸ್ಕ್ಯಾನಲ್ಲಿ ಇದು ಕಾಣಲ್ಲ. ಆದ್ರೆ ನೋವು ಅಪ್ಪಟ ನಿಜ."

ಅವಳ ಕಣ್ಣು ತುಂಬಿತು. ವರ್ಷದಲ್ಲಿ ಒಬ್ಬರೂ ಈ ಮಾತು ಹೇಳಿರಲಿಲ್ಲ. "ಹಾಗಾದ್ರೆ ಬಗ್ಗಿದ್ರೆ ಸೊಂಟ ಮುರಿಯಲ್ವಾ?"

"ಇಲ್ಲ ಅಕ್ಕ, ಡಾಕ್ಟ್ರು ಎಲ್ಲಾ ನೋಡಿದ್ದಾರೆ. ದಿನಾ ತಡೆಯೋಷ್ಟು ನಡೀರಿ, ಬಗ್ಗಿ, ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಮೈ ಆಡಿದ್ರೆ ಅಪಾಯ ಇಲ್ಲ ಅಂತ ಮಿದುಳೂ ಕಲಿಯತ್ತೆ. ರಾತ್ರೋರಾತ್ರಿ ಅಲ್ಲ, ಆದ್ರೆ ಕಲಿಯತ್ತೆ."

ಗಂಡನೇ ಬೆಲ್ಟ್ ಬಿಚ್ಚಿದ. "ತಪ್ಪಾಯ್ತು ಕಣೇ" ಎಂದ, ಅವಳ ಮುಖ ನೋಡಲಾಗದೆ.

ಸೋಮವಾರ ಸೂಪರ್‌ವೈಸರ್ ಕೇಳಿದ: "ನಾಟಕ ಮುಗೀತಾ?"

"ಕೆಲಸ ಮಾಡೋಕೆ ಬಂದಿದ್ದೀನಿ ಸಾರ್. ಆಗಾಗ ಮೇಜು ಬಿಟ್ಟು ನಾಲ್ಕು ಹೆಜ್ಜೆ ನಡೀತೀನಿ. ಅಷ್ಟು ಬಿಡುವು ಕೊಡಿ. ದಾನ ಕೇಳ್ತಿಲ್ಲ."

"ಅವಳ ನೋವು ನಿಜ ಸಾರ್. ಅರ್ಥ ಆಗದೇ ಇದ್ದಿದ್ದು ನಂಗೆ" ಎಂದ ಗಂಡ.

ಪಕ್ಕದ ಮೇಜುಗಳ ಹೆಂಗಸರು ಕತ್ತರಿ ಕೆಳಗಿಟ್ಟು ಅವಳ ಹಿಂದೆ ಬಂದು ನಿಂತರು. ಸೂಪರ್‌ವೈಸರ್ ಎಲ್ಲರ ಮುಖ ನೋಡಿ, "ಆಯ್ತು, ನಡೀಲಿ" ಎಂದು ಗೊಣಗಿದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬಿಡದೆ ಕಾಡುವ ನೋವಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ನೋವಿನ ಜೊತೆ ಜ್ವರ ಬಂದರೆ, ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ಕಾಯಬೇಡಿ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ಕುಗ್ಗಬೇಡಿ, ವೈದ್ಯರನ್ನು ಕೇಳಿ ಮೈ ಆಡಿಸಲು ಶುರುಮಾಡಿ. ಇನ್ನು ಮನೆಯವರೇ, ಮೇಲ್ವಿಚಾರಕರೇ, ನರಳುವವರ ಮುಂದೆ ನ್ಯಾಯಾಧೀಶರಾಗಿ ಕೂರಬೇಡಿ. ಅವರು ನೋವು ಎಂದರೆ, ನಂಬಿ.