ಜಹನಾರಾ ಬೇಗಂ ಮೆಟ್ಟಿಲಿಳಿದದ್ದು

ಬೆಡ್‌ಶೀಟಿನ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಹಿಂಡುತ್ತಿದ್ದಾಗ ಜಹನಾರಾ ಬೇಗಂ ಅವರ ಬಲಗೈ ಮಣಿಕಟ್ಟು ಚಟ್ ಅಂದಿತು. ಅವರು ಬಿದ್ದಿರಲಿಲ್ಲ, ಜಾರಿರಲಿಲ್ಲ. ಐವತ್ತು ವರ್ಷ ಈ ಮನೆಯ ಬಟ್ಟೆಯನ್ನೆಲ್ಲ ಒಗೆದು ಹಿಂಡಿದ ಕೈ ಒಂದು ಚಾದರಕ್ಕೆ ಸೋತುಬಿಟ್ಟಿತು ನೋಡಿ! ಸೊಸೆ ಫಹ್ಮಿದಾ ಅಡುಗೆಮನೆಯಿಂದ ಓಡಿಬಂದಾಗ ಅವರು ಕೈಯನ್ನು ಎದೆಗೊತ್ತಿಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತಿದ್ದರು.

"ಏನೂ ಆಗಿಲ್ಲ, ಹಾಲು ಉಕ್ಕುತ್ತೆ, ಹೋಗು," ಅಂದರು. ಅಷ್ಟರಲ್ಲಾಗಲೇ ಕೈ ಊದಿ ಬನ್ನಿನ ಹಾಗಾಗಿತ್ತು.

ಮಗ ಜಾಫರ್ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಿಂದ ಬಂದು ಅಮ್ಮನನ್ನು ಎತ್ತಿಕೊಂಡೇ ಮೆಟ್ಟಿಲಿಳಿಸಿ ಆಟೋದಲ್ಲಿ ಕೂರಿಸಿದ. ಮೆಟ್ಟಿಲು ಶುರುವಾದ ಕಡೆಯಿಂದ ಗಲ್ಲಿ ದಾಟುವವರೆಗೂ ಜಹನಾರಾ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಪಾಪ, ಎಷ್ಟು ನೋವೋ ಅಂದುಕೊಂಡ ಜಾಫರ್.

"ಬಿಸಿಲಿಗೆ ಹೋಗ್ತಾರಾ?" ಮೂಳೆ ಡಾಕ್ಟರು ಕೇಳಿದ್ದು ಜೊತೆಗೆ ಬಂದಿದ್ದ ಫಹ್ಮಿದಾಳನ್ನು.

"ಎಲ್ಲಿಗೆ ಸಾರ್? ಅಬ್ಬಾ ತೀರ್ಕೊಂಡ್ಮೇಲೆ ನಮ್ಮ ಅಮ್ಮೀ ಹೊಸ್ತಿಲೇ ದಾಟಿಲ್ಲ. ಎರಡು ವರ್ಷ ಆಯ್ತು," ಅಂದಳು. ಆ ಮಾತಿನಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿತ್ತು.

"ಊಟ, ನಿದ್ದೆ?"

"ಗುಬ್ಬಚ್ಚಿ ತಿಂದಷ್ಟು ತಿಂತಾರೆ. ಮೋಡ ಆದ್ರೆ ಸಾಕು, ನಿದ್ದೆ ಮಾಡದೆ ಕೂತೇ ಇರ್ತಾರೆ."

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ಈಗ ಜಹನಾರಾ ಅವರ ಕಡೆಗೇ ತಿರುಗಿದರು. "ಅಮ್ಮಾ, ದುಃಖ ಬರೀ ಮನಸ್ಸಲ್ಲೇ ಇರಲ್ಲ. ಊಟ, ನಿದ್ದೆ ಬಿಟ್ಟು ಮನೆಯೊಳಗೇ ಕೂತ್ರೆ ಮೂಳೆನೂ ಸವೆಯುತ್ತೆ. ಈ ಸಲ ಮಣಿಕಟ್ಟು, ಮುಂದಿನ ಸಲ ಸೊಂಟ. ಸೊಂಟ ಮುರಿದ್ರೆ ಈ ವಯಸ್ಸಲ್ಲಿ ಎದ್ದು ಓಡಾಡೋದು ಬಹಳ ಕಷ್ಟ. ಮಾತ್ರೆ ಕೊಡ್ತೀನಿ. ಆದ್ರೆ ದಿನಾ ಅರ್ಧ ಗಂಟೆ ಬಿಸಿಲಲ್ಲಿ ನಡೀಲೇಬೇಕು."

ಜಹನಾರಾ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಮಾತ್ರೆ ನುಂಗಿದರು, ಪಟ್ಟಿ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅದೇ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತರು. ತಾರಸಿಗೆ ಹೋಗೋಣವೆಂದರೆ ಅಲ್ಲಿಗಿದ್ದದ್ದು ಒಂದು ಕಬ್ಬಿಣದ ಏಣಿ. ಮುರಿದ ಕೈಯಲ್ಲಿ ಅದನ್ನು ಹತ್ತುವುದುಂಟೇ?

ಫಹ್ಮಿದಾಳ ಆ ಹೆಮ್ಮೆ ಎಲ್ಲಿಂದ ಬಂತು ಅನ್ನುವುದನ್ನು ಹೇಳಿಬಿಡಬೇಕು. ಜಹನಾರಾ ಅವರ ಗಂಡ ಅಹ್ಮದ್ ಪಾಷಾ ದರ್ಜಿ. ಶಿವಾಜಿನಗರದ ಈ ಕಟ್ಟಡದಲ್ಲೇ ಮೇಲೆ ಮನೆ, ನೆಲಮಾಳಿಗೆಯಲ್ಲಿ ಅಂಗಡಿ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆಕಾಶವೇ ಹರಿದು ಬಿದ್ದ ಹಾಗೆ ಮಳೆ ಸುರಿದು, ಹಿಂದಿನ ಮೋರಿಯ ಗೋಡೆ ಒಡೆದು, ನೀರೆಲ್ಲ ನೆಲಮಾಳಿಗೆಗೆ ನುಗ್ಗಿತು. ಆಗ ಪಾಷಾ ಕೆಳಗಿದ್ದರು, ಮತ್ತೆ ಮೇಲೆ ಬರಲಿಲ್ಲ.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿ ಕೂರಬೇಕು, ಮನೆ ಬಿಟ್ಟು ಹೊರಡುವಂತಿಲ್ಲ. ಜಹನಾರಾ ಕೂತರು. ದಿನ ತುಂಬಿದಾಗ ತವರಿನವರು ಬಂದು, ಹೊಸ ಬಟ್ಟೆ ಉಡಿಸಿ, ಕೈಹಿಡಿದು ಹೊರಗೆ ಕರೆದುಕೊಂಡು ಹೋಗುವುದು ಅವರ ಮನೆತನದ ವಾಡಿಕೆ. ಇವರ ತವರಿನಲ್ಲಿ ಈಗ ಯಾರೂ ಇರಲಿಲ್ಲ. ನಾದಿನಿ ಕರೆಯುತ್ತಾಳೆಂದು ಸೊಸೆ, ಸೊಸೆ ಕರೆಯುತ್ತಾಳೆಂದು ನಾದಿನಿ, ಹೀಗೆ ಆ ದಿನ ದಾಟಿಹೋಯಿತು. ಜಹನಾರಾ ಎದ್ದೇಳಲಿಲ್ಲ. ಗಲ್ಲಿಯ ಹೆಂಗಸರಿಗೆ ಅದು ದೊಡ್ಡ ಭಕ್ತಿಯಾಗಿ ಕಂಡಿತು. "ಮಾಶಾ ಅಲ್ಲಾ, ಏನು ಸಬರ್, ಏನು ತಾಳ್ಮೆ!" ಎಂದು ತಮ್ಮ ತಮ್ಮ ಸೊಸೆಯಂದಿರಿಗೆ ಇವರ ಉದಾಹರಣೆ ಕೊಡತೊಡಗಿದರು. ಹೀಗೆ ಹೊಗಳಿದರೆ ಯಾರು ತಾನೇ ನಿಜ ಬಾಯಿಬಿಟ್ಟಾರು?

ಕೈ ಮುರಿದ ಮೇಲೆ ಬಟ್ಟೆ ಒಗೆಯಲು ಮಾನಮ್ಮ ಬರತೊಡಗಿದಳು. ಯಾದಗಿರಿ ಕಡೆಯವಳು, ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ಕೋಣೆ. ಐವತ್ತೈದರ ಹೆಂಗಸು, ಬಾಯಿಗೆ ಬೀಗವಿಲ್ಲ. ಒಗೆಯುವಾಗ ಕೈಗಿಂತ ಬಾಯಿಯೇ ಜೋರು.

"ಡಾಕ್ಟರು ಬಿಸಿಲಾಗ ಅಡ್ಡಾಡು ಅಂದಾರಂತ. ಯಾಕ್ರಿ ಅಮ್ಮಾ, ಹೋಗಂಗಿಲ್ಲೇನು?" ಎಂದಳು ಹದಿನೈದನೇ ದಿನ, ಬಟ್ಟೆಗೆ ಸೋಪು ಹಚ್ಚುತ್ತಾ, ಬಚ್ಚಲ ಬಾಗಿಲಲ್ಲಿ ಕೂತಿದ್ದ ಜಹನಾರಾ ಅವರಿಗೆ.

"ನಮ್ಮಲ್ಲಿ ಹಾಗೆಲ್ಲ ಹೋಗಲ್ಲ, ಮಾನಮ್ಮ. ತವರಿನವರು ಬಂದು ಕರೀಬೇಕು. ನನಗೆ ಯಾರೂ ಇಲ್ಲ."

"ಎರಡು ವರ್ಸ ಅದಕ್ಕೇ ಕುಂತೀರಿ? ಸುಳ್ಳ ಹೇಳಬ್ಯಾಡ್ರಿ. ದೇವರ ಮ್ಯಾಲ ಭಕ್ತಿ ಇದ್ದೋರ ಮಾರಿ ಹಿಂಗ ಇರಂಗಿಲ್ಲ. ನಿಮ್ಮ ಮಾರ್ಯಾಗ ಅಂಜಿಕಿ ಅದ. ಯಾರಿಗಿ ಅಂಜೀರಿ?"

ಎರಡು ವರ್ಷದಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಜಹನಾರಾ ಅವರಿಗೆ ಮೊದಲು ಸಿಟ್ಟು ಬಂತು. ಎದ್ದು ಹೋಗು ಅನ್ನಬೇಕೆಂದು ಬಾಯಿ ತೆರೆದವರು, ಬೇರೆಯೇ ಮಾತಾಡಿದರು.

"ನಾನೇ ಕಳಿಸಿದ್ದು."

"ಯಾರನ್ನ?"

"ಅವರನ್ನ. ಚಾ ಕುಡೀತಾ ಮನೇಲೇ ಕೂತಿದ್ರು. ಕೆಳಗೆ ನೀರು ಬರ್ತಾ ಇದೆ, ಈಗ ಇಳಿಯೋದು ಬೇಡ ಅಂದ್ರು. ಮಾರನೇ ದಿನ ನಿಕಾಹ್ ಇದ್ದ ಹುಡುಗಂದು ಶೇರ್ವಾನಿ ಕೆಳಗಿತ್ತು. ಅದರ ಗುಂಡಿ ಕಾಜಾ ಅಷ್ಟೂ ನಾನೇ ಕೈಯಲ್ಲಿ ಹೊಲಿದಿದ್ದೆ. ಅದು ಹಾಳಾದ್ರೆ ನಮ್ಮ ಮರ್ಯಾದೆ ಏನಾಗುತ್ತೆ ಅಂದೆ. ಗಂಡಸಾಗಿ ನೀರಿಗೆ ಹೆದರ್ತೀರಲ್ಲಾ ಅಂದೆ, ಮಾನಮ್ಮ. ಮಾತಾಡ್ದೆ ಎದ್ದು ಹೋದ್ರು." ಜಹನಾರಾ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡರು. "ಜಾಫರ್‌ಗೂ ಗೊತ್ತಿಲ್ಲ. ಎಲ್ಲರೂ ನನ್ನ ಕೈಯಲ್ಲಿ ದುವಾ ಮಾಡಿಸ್ಕೊಂಡು ಹೋಗ್ತಾರೆ. ಆ ನೆಲಮಾಳಿಗೆ ಬಾಗಿಲು ದಾಟಿ ಹೇಗೆ ಹೋಗ್ಲಿ?"

ಮಾನಮ್ಮ ನಲ್ಲಿ ನಿಲ್ಲಿಸಿದಳು. "ನೀವು ಅಂಗಿ ತರಾಕ ಕಳಿಸೀರಿ. ಸಾಯಾಕ ಕಳಿಸಿಲ್ರಿ."

"ಹೋಗಿದ್ದು ಅಲ್ಲಿಗೇ ಅಲ್ವಾ?"

ಮಾನಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಎದ್ದು ಬಂದು ಜಹನಾರಾ ಅವರ ಎಡಗೈ ಹಿಡಿದಳು.

"ಇದರ ಮ್ಯಾಲ ಸೊಂಟಾನೂ ಮುರಕೊಂಡು ಬಿದ್ರ ಆ ಕೂಸಿಗಿ ಎಷ್ಟ್ ಕಷ್ಟ," ಎಂದಳು, ಫಹ್ಮಿದಾ ಇದ್ದ ಅಡುಗೆಮನೆಯ ಕಡೆ ಗದ್ದ ಚಾಚಿ. "ಅಂಜಿಕಿ ಇರಲಿ. ಆದ್ರ ಒಮ್ಮಿ ನೋಡಿ ಅಂಜ್ರಿ. ತವರಾಗ ಯಾರೂ ಇಲ್ಲಂದ್ರಿ, ನಾ ಬಂದೀನಿ ಅನ್ಕೋರಿ. ಏಳ್ರಿ."

ಕೈ ಕೊಸರಿಕೊಳ್ಳಬಹುದಿತ್ತು. ಯಾಕೋ ಜಹನಾರಾ ಕೊಸರಿಕೊಳ್ಳಲಿಲ್ಲ.

ಫಹ್ಮಿದಾ ಸದ್ದು ಕೇಳಿ ಹೊರಗೆ ಬಂದಾಗ ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಅವಳ ಕಣ್ಣಾಲಿ ತುಂಬಿತು. ಓಡಿಹೋಗಿ ಬುರ್ಖಾ ತಂದು, ಪಟ್ಟಿ ಕಟ್ಟಿದ ಕೈಗೆ ನೋವಾಗದ ಹಾಗೆ ಹೊದಿಸಿದಳು. ಮಾನಮ್ಮ ಮುಂದೆ, ಇವರ ಕಡೆಗೇ ಮುಖ ಮಾಡಿ, ಹಿಂದಹಿಂದಕ್ಕೆ ಒಂದೊಂದೇ ಮೆಟ್ಟಿಲಿಳಿದಳು. ಫಹ್ಮಿದಾ ಹಿಂದೆ ಸೊಂಟ ಹಿಡಿದಿದ್ದಳು. ಅರ್ಧ ದಾರಿಯಲ್ಲಿ ಜಹನಾರಾ ಮುಂದಿನ ಮೆಟ್ಟಿಲಿಗೆ ಕಾಲಿಡದೆ ನಿಂತುಬಿಟ್ಟರು.

"ಬಿದ್ರ ನನ್ನ ಮ್ಯಾಲ ಬೀಳ್ರಿ ಅಮ್ಮಾ, ಬೇಕಾದಷ್ಟು ಮೈ ಅದ," ಎಂದಳು ಮಾನಮ್ಮ. ಫಹ್ಮಿದಾ ಅಳುತ್ತಲೇ ಕಿಸಕ್ಕನೆ ನಕ್ಕಳು.

ಗಲ್ಲಿಯ ಬಿಸಿಲು ಕಣ್ಣಿಗೆ ಚುಚ್ಚಿತು. ಕಬಾಬಿನ ಅಂಗಡಿಯವನು ತಟ್ಟೆ ಹಿಡಿದವನು ಹಿಡಿದಂತೆಯೇ ನಿಂತು ಸಲಾಂ ಅಂದ. ಜಹನಾರಾ ಅವನ ಕಡೆ ನೋಡಲಿಲ್ಲ. ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟು ನೆಲಮಾಳಿಗೆಯ ಬಾಯಲ್ಲಿ ನಿಂತು, ಮಾನಮ್ಮನ ಕೈ ಗಟ್ಟಿಯಾಗಿ ಹಿಡಿದು, ಕೆಳಗೆ ನೋಡಿದರು.

ಮನಸ್ಸಿನಲ್ಲಿ ಅದು ಬಾವಿಯಾಗಿತ್ತು. ಇಲ್ಲಿ ನೋಡಿದರೆ ಬರೀ ಒಂಬತ್ತು ಮೆಟ್ಟಿಲು. ಅಷ್ಟೇ ಅಂದರೆ ಅಷ್ಟೇ. ಬೇರೆ ಯಾರೋ ಬಾಡಿಗೆಗೆ ಹಿಡಿದು ಚಪ್ಪಲಿಯ ಪೆಟ್ಟಿಗೆಗಳನ್ನು ಪೇರಿಸಿದ್ದರು. ಕೊನೆಯ ಮೆಟ್ಟಿಲ ಮೇಲೆ ನಲವತ್ತು ದಾಟಿದ ಒಬ್ಬ ಬೊಕ್ಕತಲೆಯವನು ಇವರಿಗೆ ಬೆನ್ನು ಮಾಡಿ ಕೂತು, ಡಬ್ಬಿಯಿಂದ ಅನ್ನ ಕಲಸಿ ತಿನ್ನುತ್ತಿದ್ದ.

"ಮೇಲೆ ಬಾ," ಎಂದರು ಜಹನಾರಾ.

ಅವನು ತುತ್ತು ಬಾಯಲ್ಲಿಟ್ಟುಕೊಂಡೇ ತಿರುಗಿದ. "ಯಾರು, ನಾನಾ? ಏನಾದ್ರೂ ಬೇಕಿತ್ತಾ ಅಮ್ಮಾ?"

"ಏನೂ ಬೇಡ. ಮೇಲೆ ಬಾಪ್ಪಾ, ಮೇಲೆ ಬಂದು ತಿನ್ನು."

"ಇಲ್ಲೇ ತಂಪಾಗಿದೆ ಅಮ್ಮಾ. ಇನ್ನೇನು ಮುಗೀತು."

ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. "ಹೇಳಿದ ಮಾತು ಕೇಳು," ಎಂದರು ಜಹನಾರಾ. "ಎದ್ದು ಬಾ."

ಅವನು ಅವರ ಪಟ್ಟಿ ಕಟ್ಟಿದ ಕೈ ನೋಡಿದ, ಮುಖ ನೋಡಿದ. ಅದೇನನಿಸಿತೋ, ಡಬ್ಬಿ ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಅವನ ಎರಡೂ ಪಾದ ಗಲ್ಲಿಯ ನೆಲ ಮುಟ್ಟುವವರೆಗೆ ಜಹನಾರಾ ಬಾಗಿಲಿನಿಂದ ಕದಲಲಿಲ್ಲ.

ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತು ಅವನು ಮತ್ತೆ ಡಬ್ಬಿಗೆ ಕೈಹಾಕಿದ. ಕೊನೆಯ ತುತ್ತು ನುಂಗಿ, ನೀರು ಕುಡಿದು ಬಾಯಿ ಒರೆಸಿಕೊಳ್ಳುವವರೆಗೂ ಜಹನಾರಾ ಬಿಸಿಲಿನಲ್ಲಿ ಅವನ ಪಕ್ಕದಲ್ಲೇ ನಿಂತಿದ್ದರು.